ಗಾಳಿಯ ಹೊಡೆತದಲ್ಲಿ ಇಳಿಯುವಾಗ ವಿಮಾನ ಪುಟಿಯುವುದೇಕೆ?

ಪ್ರಶ್ನೆ: ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಮೊನ್ನೆ ಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಇತ್ತು, ಹೊಡೆತ 25ರವರೆಗೆ ಹೋಗುತ್ತಿತ್ತು. ರನ್‌ವೇಗೆ 40 ಡಿಗ್ರಿ ಓರೆಯಾಗಿ ಬೀಸುತ್ತಿತ್ತು. ಜೋಪಾನಕ್ಕೆಂದು 65ರ ಬದಲು 75 ನಾಟ್ ವೇಗದಲ್ಲಿ, ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಹಲಗೆ) ಇಳಿಸಿ ಬಂದೆ. ವಿಮಾನ ಕೆಳಗಿಳಿಯದೆ ತೇಲುತ್ತಲೇ ಹೋಯಿತು. ಮೂತಿ ಒತ್ತಿದೆ, ಮೂರು ಸಲ ಪುಟಿದು ನಿಂತಿತು. ತಪ್ಪಿದ್ದೆಲ್ಲಿ?

ಉತ್ತರ: ಮೂತಿ ಒತ್ತಿದಲ್ಲಿ. ಉಳಿದದ್ದೆಲ್ಲ ಅದಕ್ಕೆ ದಾರಿ ಮಾಡಿಕೊಟ್ಟಿತು.

ಮೊದಲು ವೇಗ. ಹೊಡೆತದ ಗಾಳಿಯಲ್ಲಿ ವೇಗ ಹೆಚ್ಚಿಸಿಕೊಳ್ಳುವುದು ಸರಿಯೇ. ನಿಮ್ಮ ಲೆಕ್ಕದಲ್ಲಿ ಗಾಳಿ 25ರಿಂದ 15ಕ್ಕೆ ಇಳಿದರೆ ಎದುರುಗಾಳಿಯ ಪಾಲು ಸುಮಾರು 8 ನಾಟ್ ಕುಸಿಯುತ್ತದೆ. 65ರಲ್ಲಿದ್ದ ವಿಮಾನ ಒಮ್ಮೆಲೇ 57ಕ್ಕೆ ಬಂದಂತೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು. ವಿಮಾನ ಧೊಪ್ಪೆಂದು ಕೂರುತ್ತದೆ. ಅದಕ್ಕಾಗಿಯೇ ಸರಾಸರಿ ಗಾಳಿಗೂ ಹೊಡೆತಕ್ಕೂ ಇರುವ ಅಂತರದ ಅರ್ಧವನ್ನು ಸೇರಿಸುವ ರೂಢಿ ಇದೆ. ಇಲ್ಲಿ ಅಂತರ 10, ಸೇರಿಸಬೇಕಿದ್ದದ್ದು 5. ಅಂದರೆ 70 ನಾಟ್ ಸಾಕಿತ್ತು. 65ಕ್ಕೆ ಹೋಲಿಸಿದರೆ 70ರಲ್ಲಿ ಕರಗಿಸಬೇಕಾದ ಚಲನಶಕ್ತಿ ಶೇ 16ರಷ್ಟು ಹೆಚ್ಚು, 75ರಲ್ಲಿ ಶೇ 33ರಷ್ಟು. ತೇಲಾಟದ ಮೂಲ ಇದೇ. ತೇಲುತ್ತಿರುವಷ್ಟು ಹೊತ್ತೂ ಮುಂದಿನ ಹೊಡೆತಕ್ಕೆ ನೀವು ಮೈಯೊಡ್ಡಿಕೊಂಡೇ ಇರುತ್ತೀರಿ.

ಫ್ಲ್ಯಾಪ್ ವಿಷಯ ಚಿಕ್ಕದು. ಬಲವಾದ ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಬೇಕಾದಷ್ಟೇ, ಅತಿ ಕಡಿಮೆ ಫ್ಲ್ಯಾಪ್ ಬಳಸಿ ಎಂದು ಈ ವಿಮಾನದ ಕೈಪಿಡಿಯೇ ಹೇಳುತ್ತದೆ.

ಈಗ ಮೂತಿ. ವೇಗ ಉಳಿದಿರುವ ವಿಮಾನವನ್ನು ಒತ್ತಿ ಕೂರಿಸಲು ಹೋದರೆ ನೋಸ್ ವೀಲ್ (ಮೂತಿಯ ಕೆಳಗಿನ ಚಕ್ರ) ಮೊದಲು ನೆಲಕ್ಕೆ ಬಡಿಯುತ್ತದೆ. ಬಡಿದ ಪೆಟ್ಟಿಗೆ ಮೂತಿ ಮೇಲೇಳುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವಿಮಾನ ಮತ್ತೆ ಗಾಳಿಗೇರುತ್ತದೆ. ಗಾಬರಿಯಲ್ಲಿ ಯೋಕ್ (ವಿಮಾನದ ಚಾಲನಾ ಹಿಡಿ) ಮುಂದೆ ತಳ್ಳುತ್ತೀರಿ. ಕೈ ಕೆಲಸ ಮಾಡುವ ಹೊತ್ತಿಗೆ ವಿಮಾನ ತಾನಾಗಿಯೇ ಇಳಿಯತೊಡಗಿರುತ್ತದೆ. ಎರಡೂ ಸೇರಿ ಮುಂದಿನ ಪೆಟ್ಟು ಇನ್ನೂ ಜೋರು. ಹೀಗೆ ಒಂದೊಂದು ಪುಟಿತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗಿ ಕೊನೆಗೆ ನೋಸ್ ಸ್ಟ್ರಟ್ (ಮೂತಿ ಚಕ್ರದ ಕಾಲು) ಮುರಿಯುತ್ತದೆ, ಫೈರ್‌ವಾಲ್ (ಎಂಜಿನ್ ಹಿಂದಿನ ಲೋಹದ ಗೋಡೆ) ಸುಕ್ಕುಗಟ್ಟುತ್ತದೆ, ಪ್ರೊಪೆಲ್ಲರ್ ನೆಲ ಕೆರೆಯುತ್ತದೆ. ನಿಮ್ಮ ವಿಮಾನ ‘ನಿಂತಿತು’ ಎಂದಿದ್ದೀರಿ. ಅದನ್ನು ಯಾರಾದರೂ ಮತ್ತೆ ಹಾರಿಸುವ ಮುನ್ನ ಎಂಜಿನಿಯರಿಗೆ ನಡೆದದ್ದನ್ನು ಹೇಳಿ, ಈ ಮೂರೂ ಭಾಗಗಳನ್ನು ಪರೀಕ್ಷೆ ಮಾಡಿಸಿ. ಪ್ರೊಪೆಲ್ಲರ್ ತುದಿ ತಗುಲಿದ್ದರೆ ಎಂಜಿನ್ ಒಳಗನ್ನೂ ನೋಡಬೇಕಾಗುತ್ತದೆ. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ.

ಒಂದಡಿಯಷ್ಟು ಪುಟಿದರೆ ಮೂತಿಯನ್ನು ಫ್ಲೇರ್‌ನ (ನೆಲ ಮುಟ್ಟುವ ಮುನ್ನ ತುಸು ಮೇಲೆತ್ತುವ) ಭಂಗಿಯಲ್ಲೇ ಹಿಡಿದು, ತುಸು ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟು, ಹಿಂದಿನ ಚಕ್ರಗಳ ಮೇಲೆ ಕೂರಲು ಬಿಡಿ. ಅದಕ್ಕಿಂತ ಹೆಚ್ಚಾದರೆ, ಅಥವಾ ಎರಡನೆಯ ಸಲ ಪುಟಿದರೆ, ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ಪೂರ್ತಿ ಥ್ರಾಟಲ್, ಕಾರ್ಬ್ ಹೀಟ್ (ಕಾರ್ಬುರೇಟರ್ ಬಿಸಿ ಮಾಡುವ ವ್ಯವಸ್ಥೆ) ಇದ್ದರೆ ಬಂದ್, ಫ್ಲ್ಯಾಪ್ ತಕ್ಷಣ 20 ಡಿಗ್ರಿಗೆ. ಉಳಿದದ್ದನ್ನು ವೇಗ ಕೂಡಿ, ಮೇಲೇರುತ್ತಿರುವುದು ಖಚಿತವಾದ ಮೇಲೆ ಹಂತಹಂತವಾಗಿ ಎತ್ತಿ. ಇಳಿಯಲು ಹೊಂದಿಸಿದ್ದ ಟ್ರಿಮ್ (ಯೋಕ್ ಮೇಲಿನ ಭಾರ ತಗ್ಗಿಸುವ ಹೊಂದಾಣಿಕೆ) ಹಾಗೇ ಇರುವುದರಿಂದ ಪೂರ್ತಿ ಶಕ್ತಿ ಬಂದೊಡನೆ ಮೂತಿ ರಭಸದಿಂದ ಮೇಲೇಳುತ್ತದೆ. ಆಗ ಮಾತ್ರ ಯೋಕ್ ಅನ್ನು ಗಟ್ಟಿಯಾಗಿ ಮುಂದೆ ಹಿಡಿಯಬೇಕು, ಬಲ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೂಡ ಬೇಕು. ಇಲ್ಲವಾದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತು. 40 ಡಿಗ್ರಿ ಓರೆಯಲ್ಲಿ 15 ನಾಟ್‌ನ ಅಡ್ಡ ಪಾಲು 10ರ ಹತ್ತಿರ, 25 ನಾಟ್‌ನದು 16. ಈ ವಿಮಾನ ಪರೀಕ್ಷೆಯಲ್ಲಿ ತೋರಿಸಿಕೊಟ್ಟ ಅಡ್ಡಗಾಳಿ 15 ನಾಟ್. ಅದು ಕಾನೂನಿನ ಮಿತಿಯಲ್ಲ, ನಿಜ. ಆದರೆ ಕಲಿಯುವವರು ಅದನ್ನು ದಾಟುವ ಗಾಳಿಗೆ ಒಬ್ಬರೇ ಹೋಗಬಾರದು. ಲೆಕ್ಕ ಯಾವತ್ತೂ ಹೊಡೆತದ ಅಂಕಿಯಿಂದಲೇ ಆಗಬೇಕು. ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಹೇಳುವ ಗಾಳಿಯ ದಿಕ್ಕು ನಿಜ ಉತ್ತರದಿಂದ ಅಳೆದದ್ದು, ನಿಯಂತ್ರಣ ಟವರ್ ಹೇಳುವುದು ದಿಕ್ಸೂಚಿ ತೋರಿಸುವ ಕಾಂತೀಯ ಉತ್ತರದಿಂದ ಎಂಬುದೂ ನೆನಪಿರಲಿ.

ಪ್ರಶ್ನೆ: ಚೆನ್ನಾಗಿಯೇ ಇಳಿದ ಮೇಲೆ ವಿಮಾನ ಗಾಳಿ ಬರುವ ಕಡೆಗೆ ಎಳೆದು ರನ್‌ವೇ ಅಂಚಿಗೆ ಹೋಗುತ್ತದೆ. ಬ್ರೇಕ್ ದೋಷವೇ?

ಉತ್ತರ: ಬಹುಪಾಲು ಅಲ್ಲ. ಲಂಬ ಬಾಲಕ್ಕೆ ಬಡಿದ ಗಾಳಿ ಮೂತಿಯನ್ನು ತನ್ನತ್ತ ತಿರುಗಿಸುತ್ತದೆ. ಚಕ್ರ ಮುಟ್ಟಿತೆಂದು ನೀವು ಏಲೆರಾನ್ (ರೆಕ್ಕೆಯನ್ನು ಓರೆ ಮಾಡುವ, ಯೋಕ್‌ನಿಂದ ತಿರುಗಿಸುವ ಹಲಗೆ) ಸಡಿಲಿಸುತ್ತಿದ್ದೀರೆಂದು ತೋರುತ್ತದೆ. ವೇಗ ಇಳಿದಂತೆ ಏಲೆರಾನ್‌ನ ಹಿಡಿತವೂ ಇಳಿಯುತ್ತದೆ, ಆದ್ದರಿಂದ ಗಾಳಿಯ ಕಡೆಗೆ ಅದನ್ನು ಇನ್ನಷ್ಟು ಹೆಚ್ಚಿಸುತ್ತಾ ಪೂರ್ತಿಯಾಗಿ ತಿರುಗಿಸಿ, ನೇರ ಓಟವನ್ನು ರಡ್ಡರ್‌ನಿಂದ ಕಾಯಿರಿ. ರೆಕ್ಕೆ ಇನ್ನೂ ಭಾರ ಹೊತ್ತಿರುವಾಗ ಬ್ರೇಕ್ ಒತ್ತಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಗಾಳಿ ಎಡ ಹಿಂದಿನಿಂದ ಬಂದರೆ ಯೋಕ್ ಮುಂದೆ ಮತ್ತು ಬಲಕ್ಕೆ. ಬಲ ಹಿಂದಿನಿಂದ ಬಂದರೆ ಮುಂದೆ ಮತ್ತು ಎಡಕ್ಕೆ. ಎಂಜಿನ್ ಆರಿಸಿ, ವಿಮಾನವನ್ನು ಹಗ್ಗದಿಂದ ಕಟ್ಟುವವರೆಗೂ ಯೋಕ್ ಮೇಲಿನ ಕೈ ತೆಗೆಯಬೇಡಿ.