ಪರಿಸರ ವಿಜ್ಞಾನ ಓದುವುದಾದರೆ ಪಕ್ಕದಲ್ಲಿ ಕೆಮಿಸ್ಟ್ರಿ ಇರಲಿ

ಪಿಯುಸಿ ಫಲಿತಾಂಶದ ಬೆನ್ನಿಗೇ ಬಂದ ಪತ್ರಗಳಲ್ಲಿ ಈ ಸಲ ಪರಿಸರ ವಿಷಯದ ಪದವಿ ಕುರಿತವೇ ಹೆಚ್ಚು. ಹಾವೇರಿ, ಗದಗ, ಧಾರವಾಡದ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವರು ಕೇಳಿದ್ದರ ಅರ್ಧಪಾಲು ಅದರಲ್ಲೇ ಇದೆ.

ಪ್ರಶ್ನೆ: ಪಿಸಿಎಂಬಿಯಲ್ಲಿ ಸೆಕೆಂಡ್ ಪಿಯುಸಿ ಮುಗಿಸೇನಿ. ಡಾಕ್ಟರ್, ಇಂಜಿನಿಯರ್ ಎರಡೂ ಬ್ಯಾಡ. ಬಿಎಸ್ಸಿಯೊಳಗ ಪರಿಸರ ವಿಜ್ಞಾನ ತಗೋಬೇಕಂತ ಆಸೆ. ಅಪ್ಪಾರು ‘ಗಿಡಾ ಹಚ್ಚಾಕ ಡಿಗ್ರಿ ಯಾಕ ಬೇಕು? ಅದಕ್ಕ ನೌಕರಿ ಎಲ್ಲೈತಿ?’ ಅಂತಾರ. ಏನಂತ ಹೇಳಲಿ?
— ವಿದ್ಯಾರ್ಥಿನಿ, ರಾಣೆಬೆನ್ನೂರು

ಅಪ್ಪ ಕೇಳಿದ್ದು ಎರಡು ಬೇರೆ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ನಿಮ್ಮೂರಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿಲೋಮೀಟರ್. ಅದು ಮೂಲತಃ ಕುರುಚಲು ಮತ್ತು ಹುಲ್ಲಿನ ಬಯಲು. ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ಬೇಕಾದದ್ದು ಅಂಥ ಬಯಲೇ: ದೂರದವರೆಗೆ ಕಣ್ಣಿಗೆ ಅಡ್ಡ ಬರಬಾರದು, ಓಡಲು ಜಾಗ ಬೇಕು. ಅಲ್ಲಿ ನೀಲಗಿರಿ ಹಚ್ಚಿದರು. ಹಸಿರೇನೋ ಆಯಿತು, ಬಯಲು ಹೋಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತ ಹೊಂದಿಕೊಳ್ಳಲಿಲ್ಲ. ಎಲ್ಲಿ ಗಿಡ ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂದು ಹೇಳಲು ಒಬ್ಬರು ಓದಿದವರು ಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನನಗೆ ಗೊತ್ತಿಲ್ಲ. ಹಾನಗಲ್ ತಾಲ್ಲೂಕಿನ ಕುಸನೂರಿನ ರೈತರಂತೂ ಯಾವ ಡಿಗ್ರಿಯೂ ಇಲ್ಲದೆ ಇದನ್ನು ಅರಿತಿದ್ದರು. 1987ರ ನವೆಂಬರ್‌ನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಎಂದು ಸತ್ಯಾಗ್ರಹಕ್ಕಿಳಿದು, ಗೋಮಾಳದಲ್ಲಿ ಪಲ್ಪಿಗಾಗಿ ಬೆಳೆಸಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಅಪ್ಪನಿಗೆ ಆ ಸುದ್ದಿ ನೆನಪಿದ್ದರೂ ಇರಬಹುದು, ಕೇಳಿ ನೋಡಿ.

ಈಗ ನೌಕರಿ. ಇಲ್ಲಿ ನಾನು ಅಪ್ಪನ ಪಕ್ಷ. ‘ಪರಿಸರ ವಿಜ್ಞಾನ’ ಎಂಬ ಹೆಸರಿನ ಮೇಲೆ ಮರುಳಾಗಿ ಸೇರಬೇಡಿ. ಆ ಹೆಸರಿನ ಪಕ್ಕ ಯಾವ ವಿಷಯ ಇದೆ ಅನ್ನುವುದೇ ಮುಂದಿನ ದಾರಿಯನ್ನು ತೀರ್ಮಾನ ಮಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ, ಇದು ಎಷ್ಟೋ ಮಂದಿಗೆ ಕೊನೆಯ ವರ್ಷ ಗೊತ್ತಾಗುತ್ತದೆ. ಯುಪಿಎಸ್ಸಿ ನಡೆಸುವ ಭಾರತೀಯ ಅರಣ್ಯ ಸೇವೆ ಪರೀಕ್ಷೆಗೆ ಕೂರಲು ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವೇ ಕೃಷಿ, ಅರಣ್ಯ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಪಟ್ಟಿಯಲ್ಲಿ ಪರಿಸರ ವಿಜ್ಞಾನದ ಹೆಸರಿಲ್ಲ! ಕಾಡು ಕಾಯುವ ಕೆಲಸಕ್ಕೆ ಪರಿಸರ ಓದಿದವರು ನೇರವಾಗಿ ಅರ್ಹರಲ್ಲ ಅನ್ನುವುದು ವಿಚಿತ್ರವೇ, ಆದರೆ ನಿಯಮ ಹಾಗಿದೆ. ಪಕ್ಕದಲ್ಲಿ ಕೆಮಿಸ್ಟ್ರಿಯೋ ಬಾಟನಿಯೋ ಇದ್ದರೆ ಬಾಗಿಲು ತೆರೆದೇ ಇರುತ್ತದೆ. ಬಿಇಡಿ ಮಾಡಿ ಹೈಸ್ಕೂಲ್ ಶಿಕ್ಷಕಿಯಾಗುವ ಯೋಚನೆ ಬಂದರೂ ಅಷ್ಟೇ, ಅಲ್ಲಿ ಕೇಳುವುದು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಲೆಕ್ಕ.

ಹಾಗಾಗಿ ನನ್ನ ಸಲಹೆ: ಪರಿಸರ ವಿಜ್ಞಾನ ಸಿಕ್ಕರೆ ತಗೊಳ್ಳಿ, ಜೊತೆಗೆ ಕೆಮಿಸ್ಟ್ರಿ ಬಿಡಬೇಡಿ. ಮೂರನೆಯದು ಬಾಟನಿ, ಝುವಾಲಜಿ, ಮೈಕ್ರೋಬಯಾಲಜಿ ಯಾವುದಾದರೂ ನಡೆದೀತು. ಪರಿಸರ ವಿಜ್ಞಾನ ಐಚ್ಛಿಕವಾಗಿ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಅದೊಂದಕ್ಕಾಗಿ ಬೆಂಗಳೂರಿಗೆ ಓಡಿ ಪಿಜಿ ಬಾಡಿಗೆ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಹತ್ತಿರದ ಕಾಲೇಜಿನಲ್ಲಿ ಸಿಬಿಝಡ್ ಓದಿ, ಎಂಎಸ್ಸಿಯಲ್ಲಿ ಪರಿಸರ ವಿಜ್ಞಾನಕ್ಕೆ ಹೊರಳಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗಗಳಿವೆ. ಎಂಎಸ್ಸಿವರೆಗೆ ಹೋಗುವ ತಯಾರಿ ಇಟ್ಟುಕೊಂಡೇ ಸೇರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಲ್ಲಿ ಒಂದು ಪಾಲು ಎಂಜಿನಿಯರಿಂಗ್ ಓದಿದವರಿಗೆ ಹೋಗುತ್ತದೆ, ವೈಜ್ಞಾನಿಕ ಅಧಿಕಾರಿ ಹುದ್ದೆಗೆ ಎಂಎಸ್ಸಿ ಬೇಕು. ನೀರು, ಗಾಳಿ, ಮಣ್ಣು ಪರೀಕ್ಷಿಸುವ ಖಾಸಗಿ ಲ್ಯಾಬುಗಳು, ಕಾರ್ಖಾನೆಗಳ ಕೊಳಕು ನೀರು ಶುದ್ಧೀಕರಿಸುವ ಇಟಿಪಿ ಘಟಕಗಳು, ಪರಿಸರ ಪರಿಣಾಮ ಅಧ್ಯಯನ ಮಾಡಿಕೊಡುವ ಸಂಸ್ಥೆಗಳು ಬರೀ ಬಿಎಸ್ಸಿ ಆದವರನ್ನೂ ತೆಗೆದುಕೊಳ್ಳುತ್ತವೆ. ಆರಂಭದ ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಕೈ ಪಳಗಿದ ಮೇಲೆ ಏರುತ್ತದೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಮೂರು ಮತ್ತೆರಡು, ಐದು ವರ್ಷದ ಲೆಕ್ಕ ಅಂತ ಅಪ್ಪನಿಗೆ ಮೊದಲೇ ಹೇಳಿಬಿಡಿ.

ಕೆಮಿಸ್ಟ್ರಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ನೌಕರಿಯೊಂದೇ ಕಾರಣವಲ್ಲ. ಈ ವಿಷಯ ನಿಂತಿರುವುದೇ ಅಳತೆಯ ಮೇಲೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ನಿಮಗೆ ಮೊದಲ ಸೆಮಿಸ್ಟರ್‌ಗಳಲ್ಲೇ ಬರುತ್ತದೆ. 300 ಮಿಲಿಲೀಟರ್ ಬಾಟಲಿಯನ್ನು ಒಂದೂ ಗುಳ್ಳೆ ಉಳಿಯದ ಹಾಗೆ ತುಂಬಬೇಕು. ಗುಳ್ಳೆ ಉಳಿದರೆ ಅದರ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೊಡೈಡ್ ಹಾಕಿ ತಿರುವಿದರೆ, ಒಳ್ಳೆಯ ಕೆರೆ ನೀರಿನಲ್ಲಿ ಕಂದು ಬಣ್ಣದ ಗಸಿ ಇಳಿಯುತ್ತದೆ. ಊರ ಕೊಳಚೆ ಸೇರುವ ನಾಲಾದ ನೀರಿನಲ್ಲಿ ಅದೇ ಗಸಿ ಬೆಳ್ಳಗೆ ನಿಲ್ಲುತ್ತದೆ. ಬೆಳ್ಳಗೆ ನಿಂತಿತೆಂದರೆ ಅಲ್ಲಿ ಆಮ್ಲಜನಕ ಇಲ್ಲ ಎಂದೇ ಅರ್ಥ, ಮುಂದೆ ಅಳೆಯುವುದೇನೂ ಇಲ್ಲ. ಕಂದು ಬಂದದ್ದಕ್ಕೆ ಗಂಧಕಾಮ್ಲ ಹಾಕಿದರೆ ಹಳದಿಯಾಗುತ್ತದೆ. ಥಯೋಸಲ್ಫೇಟ್ ಹನಿಸುತ್ತ, ನಡುವೆ ಪಿಷ್ಟ ಸೇರಿಸಿ, ನೀಲಿ ಮಾಯವಾಗುವ ಹನಿಯಲ್ಲಿ ನಿಲ್ಲಿಸಬೇಕು, ಇದೇ ಟೈಟ್ರೇಶನ್. ಚೊಕ್ಕ ನೀರಾದರೆ ಲೀಟರಿಗೆ ಏಳೆಂಟು ಮಿಲಿಗ್ರಾಂ. ಮೀನುಗಾರಿಕೆಗೆ ಕನಿಷ್ಠ 4 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಈ ಕೆಲಸ ಬೇಸರ ತರಿಸದೆ ಕುತೂಹಲ ಹುಟ್ಟಿಸಿದರೆ ನೀವು ಸರಿಯಾದ ಕಡೆ ಬಂದಿದ್ದೀರಿ. ಚಾರಣ, ಪಕ್ಷಿ ಫೋಟೊ, ಹಸಿರು ಘೋಷಣೆ ಅಷ್ಟೇ ಇಷ್ಟ ಅನ್ನಿಸಿದರೆ ಅವನ್ನು ರವಿವಾರಕ್ಕೆ ಇಟ್ಟುಕೊಂಡು ಬೇರೇನಾದರೂ ಓದುವುದು ವಾಸಿ.

ಅಡ್ಮಿಷನ್‌ಗೆ ಹೋದಾಗ ಪ್ರಾಸ್ಪೆಕ್ಟಸ್ ನೋಡುವ ಬದಲು ಲ್ಯಾಬ್ ತೋರಿಸಿ ಅನ್ನಿ. ನೀರಿನ ಮಾದರಿಯ ಬಾಟಲಿಗಳನ್ನು ಒಂದೇ ಉಷ್ಣತೆಯಲ್ಲಿ ಇಡುವ ಬಿಒಡಿ ಇನ್‌ಕ್ಯುಬೇಟರ್ ಇದೆಯೇ? ಇದ್ದರೆ ಪ್ಲಗ್ ಹಚ್ಚಿದ್ದಾರೆಯೇ? ಒಳಗೆ ಬಾಟಲಿ ಇವೆಯೇ, ದೂಳು ಇದೆಯೇ? ಕೊನೆಯ ವರ್ಷದ ಹುಡುಗರನ್ನು ಪಕ್ಕಕ್ಕೆ ಕರೆದು, ಟೈಟ್ರೇಶನ್ ತಾವೇ ಮಾಡುತ್ತಾರೋ ಅಥವಾ ಸರ್ ಮಾಡುವುದನ್ನು ನಿಂತು ನೋಡುತ್ತಾರೋ ಕೇಳಿ. ಅಷ್ಟರಲ್ಲಿ ಕಾಲೇಜು ಗೊತ್ತಾಗುತ್ತದೆ.

ಪ್ರಶ್ನೆ: ಬಿಎಸ್ಸಿ ಫಾರೆಸ್ಟ್ರಿ ಮತ್ತು ಪರಿಸರ ವಿಜ್ಞಾನ, ಎರಡರಲ್ಲಿ ಯಾವುದು ಒಳ್ಳೇದು?
— ಹಾನಗಲ್ ಓದುಗ

ಕಾಡಿನ ಇಲಾಖೆಯೇ ಗುರಿಯಾಗಿದ್ದರೆ ಫಾರೆಸ್ಟ್ರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲಿದೆ, ಹಾನಗಲ್‌ನಿಂದ ದೂರವೇನಲ್ಲ. ನಾಲ್ಕು ವರ್ಷದ ಕೋರ್ಸು, ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಮನೆಯಲ್ಲಿ ಹೊಲ ಇದ್ದರೆ ಕಾಗದಪತ್ರ ಈಗಲೇ ಸರಿಮಾಡಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ನಾಡಕಚೇರಿ ಸುತ್ತುವುದು ತಪ್ಪುತ್ತದೆ. ಕಾರ್ಖಾನೆ, ನೀರು, ಗಾಳಿ, ಕಸದ ಕಡೆ ಒಲವಿದ್ದರೆ ಪರಿಸರ ವಿಜ್ಞಾನ. ಸೀಟು ಸಿಕ್ಕು, ಮನಸ್ಸೂ ಎರಡು ಕಡೆ ಸಮಸಮ ಇದ್ದರೆ ಫಾರೆಸ್ಟ್ರಿಗೇ ಹೋಗಿ ಅನ್ನುತ್ತೇನೆ.

ಪ್ರಶ್ನೆ: ಆರ್ಟ್ಸ್ ಓದಿದವನು. ಕೆಮಿಸ್ಟ್ರಿ ಗೊತ್ತಿಲ್ಲ. ಪರಿಸರ ಕ್ಷೇತ್ರದಲ್ಲಿ ನಮಗೆ ಜಾಗ ಇಲ್ಲವೇ?
— ಧಾರವಾಡ ಓದುಗ

ಇದೆ, ಮತ್ತು ಧಾರವಾಡದಲ್ಲಿ ಕೂತು ಈ ಪ್ರಶ್ನೆ ಕೇಳಬಾರದು. ತುಂಗಭದ್ರೆಯ ಮಾಲಿನ್ಯದಿಂದ ಹಿಡಿದು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ತನಕ ಹೋರಾಡಿ ಸುಪ್ರೀಂ ಕೋರ್ಟಿನವರೆಗೆ ಹೋದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನಿಮ್ಮ ಊರಿನದೇ. ಕೊನೆಗೆ ಪರಿಸರದ ಜಗಳಗಳು ತೀರ್ಮಾನವಾಗುವುದು ಕಾಗದದ ಮೇಲೆ: ಅಧಿಸೂಚನೆ, ಅಹವಾಲು ಸಭೆ, ಅಫಿಡವಿಟ್. ಕಪ್ಪತಗುಡ್ಡವನ್ನೇ ನೋಡಿ. 2015ರಲ್ಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು, ಮರುವರ್ಷ ಹಿಂದಕ್ಕೆ ಪಡೆದರು, ಗದಗಿನ ಜನ ಮತ್ತು ಮಠಾಧೀಶರು ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಿಸಿದರು, 2019ರಲ್ಲಿ 244 ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶ ವನ್ಯಜೀವಿಧಾಮವಾಯಿತು. ಅದೇ ಗುಡ್ಡ, ಅದೇ ಔಷಧಿ ಸಸ್ಯ, ಬದಲಾದದ್ದು ಆದೇಶ ಮಾತ್ರ. ಆ ಆದೇಶದ ಸಾಲುಗಳನ್ನು ಓದಬಲ್ಲವರು ಬೇಕು.

ನಿಮಗೆ ಎರಡು ದಾರಿ ಸೂಚಿಸುತ್ತೇನೆ. ಒಂದು ಕಾನೂನು. ಹುಬ್ಬಳ್ಳಿಯ ನವನಗರದಲ್ಲೇ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. 2010ರ ಕಾಯ್ದೆಯಿಂದ ಹಸಿರು ನ್ಯಾಯಮಂಡಳಿ ಬಂದ ಮೇಲೆ ಈ ವಿಷಯ ಬಲ್ಲ ವಕೀಲರ ಅಗತ್ಯ ಹೆಚ್ಚಿದೆ. ದಕ್ಷಿಣ ಪೀಠ ಇರುವುದು ಚೆನ್ನೈಯಲ್ಲಿ. ಇನ್ನೊಂದು ಭೂಗೋಳ. ಬಿಎಯಲ್ಲಿ ಭೂಗೋಳ ತಗೊಂಡು, ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಜಿಐಎಸ್ ಕಲಿಯಿರಿ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಕೆರೆ ಒತ್ತುವರಿಯ ನಕಾಶೆ ಮಾಡಬಲ್ಲವನಿಗೆ ಕೆಮಿಸ್ಟ್ರಿ ಬರುತ್ತದೆಯೇ ಅಂತ ಯಾರೂ ಕೇಳುವುದಿಲ್ಲ. ಮುಂದೆ ಸ್ನಾತಕೋತ್ತರ ಮಟ್ಟದಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಕೋರ್ಸುಗಳನ್ನು ಒಮ್ಮೆ ನೋಡಿ.

ಪ್ರಶ್ನೆ: ನಮ್ಮ ಡಿಗ್ರಿಯಲ್ಲಿ ಇವಿಎಸ್ ಕಡ್ಡಾಯ ಪೇಪರ್. ಪ್ರಾಜೆಕ್ಟ್ ಕೊಡಬೇಕು. ಎಲ್ಲರೂ ‘ಪ್ಲಾಸ್ಟಿಕ್ ಮಾಲಿನ್ಯ’ ಅಂತ ಡೌನ್‌ಲೋಡ್ ಮಾಡಿ ಸ್ಪೈರಲ್ ಬೈಂಡಿಂಗ್ ಹಾಕಿಸ್ತಾರೆ. ಬೇರೆ ಏನು ಮಾಡಬಹುದು?
— ಬಿಕಾಂ ವಿದ್ಯಾರ್ಥಿ, ಗದಗ

ನಿಮ್ಮ ಪತ್ರ ಓದಿ ಖುಷಿಯಾಯಿತು. ಈ ಪೇಪರ್ ಯಾಕಿದೆ ಅಂತ ಅದನ್ನು ಬರೆಯುವ ಬಹುತೇಕರಿಗೆ ತಿಳಿದಿಲ್ಲ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದಿತು. ಜಾರಿ ಸರಿಯಾಗಿ ಆಗದ್ದರಿಂದ 2003ರಲ್ಲಿ ಮತ್ತೆ ಹೇಳಬೇಕಾಯಿತು. ಆಮೇಲೆ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ತಂದಿತು. ಅಷ್ಟೆಲ್ಲ ಆಗಿ ಬಂದ ಪೇಪರನ್ನು ನಾವು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಮುಗಿಸುತ್ತೇವೆ.

ಮಾಗಡಿ ಕೆರೆ ಮೊದಲು ನೆನಪಾಗುತ್ತದೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ, ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬಿಕಾಂ ಹುಡುಗನಿಗೆ ಇದು ಹೇಳಿ ಮಾಡಿಸಿದ ವಿಷಯ: ಹಕ್ಕಿಗಳಿಂದ ರೈತರಿಗೆ ಬೆಳೆ ನಷ್ಟವೆಷ್ಟು, ಹಿಕ್ಕೆಯ ಗೊಬ್ಬರದಿಂದ ಲಾಭವೆಷ್ಟು, ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಆದರೆ ನಿಮ್ಮ ಸೆಮಿಸ್ಟರ್ ಬೇಸಿಗೆಯಲ್ಲಿ ಬಿದ್ದರೆ ಕೆರೆಯಲ್ಲಿ ಹಕ್ಕಿ ಇರುವುದಿಲ್ಲ.

ಆಗ ಫ್ಲೋರೈಡ್ ಹಿಡಿಯಿರಿ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹಳೆಯ ತೊಂದರೆ. ಬಂಡೆಯೊಳಗಿನ ಖನಿಜದಿಂದ ಅದು ನಿಧಾನವಾಗಿ ನೀರಿಗಿಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನದಂಡ. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಮುಂದೆ ಎಲುಬಿಗೆ ಪೆಟ್ಟು. ಇದಕ್ಕೆ ಉತ್ತರವಾಗಿ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿವೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ತೆಗೆದದ್ದೆಲ್ಲ ಹಿಂದಿನ ಪೈಪಿನಿಂದ ಹೋಗುವ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಿರುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ? ಗಟಾರಕ್ಕೋ, ದನದ ತೊಟ್ಟಿಗೋ, ಮತ್ತೆ ಅದೇ ಕೊಳವೆಬಾವಿಯ ಪಕ್ಕಕ್ಕೋ? ಒಂದೇ ಊರಿನ ಕೊಳವೆಬಾವಿ, ಘಟಕದ ಕ್ಯಾನ್ ನೀರು, ಹಿಂದಿನ ಪೈಪಿನ ನೀರು, ನಲ್ಲಿ ನೀರು, ಈ ನಾಲ್ಕನ್ನು ಹೋಲಿಸಿದರೆ ಸಾಕು, ಪ್ರಾಜೆಕ್ಟ್ ತುಂಬುತ್ತದೆ. ವಿದ್ಯುತ್, ರಿಪೇರಿ, ಕಾಯಿನ್ ಹಣದ ಜಮಾಖರ್ಚು ಸೇರಿಸಿದರೆ ಕಾಮರ್ಸ್ ಓದಿದ್ದಕ್ಕೂ ಕೆಲಸ ಸಿಕ್ಕಂತಾಯಿತು.

ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಜಲಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯ್ತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಪಿಡಿಒ ಅವರನ್ನು ಕೇಳಿ. ಕಿಟ್ ಬಣ್ಣ ನೋಡಿ ಅಂದಾಜು ಹೇಳುತ್ತದೆ. ನಿಖರ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕಾಲೇಜಿನ ಪತ್ರ ಹಿಡಿದುಕೊಂಡು ಹೋಗಿ. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಒಯ್ಯಿರಿ, ಗಾಜಿನದು ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಿ, ಊರು, ದಿನಾಂಕ, ಕೊಳವೆಬಾವಿಯ ಆಳವನ್ನು ಅಲ್ಲೇ ನಿಂತು ಚೀಟಿಯಲ್ಲಿ ಬರೆದು ಅಂಟಿಸಿ.