ರೈಟರ್ ಗಂಡ ಮತ್ತು ಬೀಗ ಹಾಕಿದ ಟ್ರಂಕು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದಾಕೆ ಸೋಮವಾರಪೇಟೆ ಕಡೆಯವರು. ಗಂಡ ಕಾಫಿ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ. ಬೆಳಗ್ಗೆ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆದು ಆಳುಗಳಿಗೆ ಕೆಲಸ ಹಂಚುವುದು, ಸಂಜೆ ಟಿವಿ ಮುಂದೆ ಕೂರುವುದು, ಅಷ್ಟೇ. "ತುಂಬಾ ಪಾಪದವರು ಮೇಡಂ" ಅಂತ ಊರಿಗೆಲ್ಲ ಹೇಳಿಕೊಂಡು ಬಂದ ಈಕೆ ಟಿವಿಯಲ್ಲಿ ‘ದೃಶ್ಯ’ ನೋಡಿದ ಮೇಲೆ ನಿದ್ದೆ ಕಳೆದುಕೊಂಡಿದ್ದರು. 2014ರ ರವಿಚಂದ್ರನ್ ಸಿನಿಮಾ. ಹೆಚ್ಚು ಓದದ ಕೇಬಲ್ ಟಿವಿಯವನು, ಮನೆಯವರ ಕೈಯಲ್ಲಿ ಕೊಲೆಯಾಗಿ ಆಪತ್ತು ಬಂದಾಗ ಬಸ್ ಟಿಕೆಟ್, ಹೋಟೆಲ್ ಬಿಲ್ ಜೋಡಿಸಿ ಪೊಲೀಸರನ್ನೇ ಸುಸ್ತು ಮಾಡುತ್ತಾನಲ್ಲ, ಅದು.

ಇವರ ಗಂಡನೂ ತಿಂಗಳಿಗೊಮ್ಮೆ ಸುಳ್ಳು ಹೇಳಿ ಮಡಿಕೇರಿಗೆ ಹೋಗುತ್ತಿದ್ದ. ಟ್ರಂಕಿನ ಬೀಗದ ಕೈ ಉಡಿದಾರದಲ್ಲಿ. ಅಂಗಿ ಜೇಬಲ್ಲಿ ಸಿಕ್ಕಿದ ಬಸ್ ಟಿಕೆಟ್‌ಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಟೇಬಲ್ ಮೇಲಿಟ್ಟರು. ಪೊಲೀಸ್ ಪಾತ್ರ ಇವರೇ ತಗೊಂಡಿದ್ದರು ನೋಡಿ!

ಹೊಡೀತಾರಾ, ಹೆದರಿಸ್ತಾರಾ ಅಂತ ಮೊದಲು ಕೇಳಿದೆ. ಇಲ್ಲ ಅಂದರು. ಹೌದು ಅಂದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ಬೀಗ ಒಡೆಯಬೇಡಿ, ಅತ್ತೆ, ಮಕ್ಕಳು ಇಲ್ಲದ ಹೊತ್ತಲ್ಲಿ ನೇರವಾಗಿ ಕೇಳಿ ಅಂದೆ: "ನೀವು ಮಡಿಕೇರಿಗೆ ಹೋಗೋದು ಗೊತ್ತು. ನಂಗೆ ಭಯ ಆಗ್ತಿದೆ. ಏನು ಅಂತ ಹೇಳಿ."

ಕೇಳಿದರು. ಆಮೇಲೆ ಇಬ್ಬರೂ ಬಂದರು. ಟ್ರಂಕಿನಲ್ಲಿದ್ದದ್ದು ಒಂದು ನೋಟ್‌ಬುಕ್, ಚೆಕ್‌ರೋಲ್ ಥರವೇ ಗೆರೆ ಎಳೆದು ಬರೆದ ಲೆಕ್ಕ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆ ತಮ್ಮನ ತೋಟ ಹೋಗಿತ್ತು. ಅವನ ಸೊಸೈಟಿ ಸಾಲಕ್ಕೆ ಈತನದ್ದೇ ಜಾಮೀನು. ತಮ್ಮ ಕೈಚೆಲ್ಲಿದ, ಈತ ಸದ್ದಿಲ್ಲದೆ ಕಟ್ಟುತ್ತಾ ಬಂದ. "ಹೇಳಿದ್ರೆ ಅವಳಿಗೂ ನಿದ್ದೆ ಇರಲ್ಲ ಅಂತ."

ಸಿನಿಮಾದವನೂ ಹೆಣ ಎಲ್ಲಿಗೆ ಸಾಗಿಸಿದೆ ಅಂತ ಹೆಂಡತಿಗೆ ಹೇಳುವುದಿಲ್ಲ. ಅಲ್ಲಿ ಅದಕ್ಕೆ ಅರ್ಥ ಇದೆ, ಗೊತ್ತಿಲ್ಲದವರ ಬಾಯಿ ಬಿಡಿಸೋಕೆ ಆಗಲ್ಲ. ಇಲ್ಲಿ ಯಾವ ಪೊಲೀಸು? ಮನೆ ದುಡ್ಡು ಹೋಗುತ್ತಿದೆ, ಮನೆಯಾಕೆಗೇ ಗೊತ್ತಿಲ್ಲ. ಈ ಗಂಡನ ತಾಳ್ಮೆ ನನಗೂ ಇಷ್ಟವಾಯಿತು, ಸುಳ್ಳಲ್ಲ. ಆದರೆ ಈಕೆಗೆ ನೆಮ್ಮದಿಗಿಂತ ಸಿಟ್ಟೇ ಜಾಸ್ತಿ ಬಂತು, ಬರಬೇಕಾದ್ದೇ. "ಒಳ್ಳೇದಕ್ಕೇ ಮಾಡಿದ್ದಲ್ವಾ" ಅಂತ ಅವರನ್ನು ಸುಮ್ಮನಾಗಿಸಬೇಡಿ ಅಂತ ಗಂಡನಿಗೆ ಹೇಳಿದೆ. ಬಾಕಿ ಎಷ್ಟಿದೆ ಅಂತ ಪಾಸ್‌ಬುಕ್ ಇಟ್ಟುಕೊಂಡು ಪೂರ್ತಿ ತೋರಿಸಿ, ಇನ್ನು ಮುಂದೆ ಯಾರಿಗೇ ಜಾಮೀನು ಹಾಕುವ ಮುಂಚೆ ಇಬ್ಬರೂ ಕೂತು ಮಾತಾಡಿ, ತಮ್ಮನ ಪಾಲೆಷ್ಟು ಅಂತ ಅವನನ್ನೂ ಕೂರಿಸಿ ತೀರ್ಮಾನಿಸಿ ಅಂದೆ.

ಮುಂದಿನ ಸಲ ತಮ್ಮನನ್ನೂ ಕರೆತರುತ್ತೇವೆ ಅಂದಿದ್ದಾರೆ. ತಮ್ಮ ಇನ್ನೂ ಒಪ್ಪಿಲ್ಲ.