ಟ್ಯಾಂಕರ್ ನೀರು ಯಾವ ಊರಿನದು?

ಓದುಗರ ಪತ್ರ: ಹಾಸನದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮೂರು ವರ್ಷದಿಂದ ಸರ್ಜಾಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸೈಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಪಕ್ಕದ ರಾಜಕಾಲುವೆಯ ನೊರೆ ದಿನಾ ನೋಡಿ ಪರಿಸರದ ಕೆಲಸಕ್ಕೇ ಹೋಗಬೇಕು ಅನಿಸಿದೆ. ಸಸ್ಟೈನಬಿಲಿಟಿ ಕನ್ಸಲ್ಟಿಂಗ್ (ಕಂಪನಿಗಳಿಗೆ ಪರಿಸರದ ಲೆಕ್ಕ, ಸಲಹೆ ಕೊಡುವ ಕೆಲಸ) ಅಂದರೆ ಕಂಪನಿಗಳ ತಪ್ಪಿಗೆ ಸುಣ್ಣ ಬಣ್ಣ ಬಳಿಯುವುದು ಅಂತ ಗೆಳತಿಯರು ಹೇಳುತ್ತಾರೆ. ಪರಿಸರ ನೀತಿ, ಸಂಶೋಧನೆ ಅಂತ ಹೋದರೆ ಸಂಬಳ ಇಲ್ಲ ಅನ್ನುತ್ತಾರೆ ಅಪ್ಪ. ಕೆಲಸ ಬಿಟ್ಟು ಎಂ.ಎಸ್ಸಿ. ಮಾಡಲಾ? ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೇ. (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ: ನಿಮ್ಮ ಗೆಳತಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ಸುಣ್ಣ ಬಳಿಯುವವರು ಇದ್ದಾರೆ, ನಿಜ. ಆದರೆ ಬಳಿಯಲು ಜಾಗ ಎಲ್ಲಿ ಸಿಗುತ್ತದೆ ಗೊತ್ತಾ? ಲೆಕ್ಕ ಹುಟ್ಟುವ ಜಾಗಕ್ಕೆ ಯಾರೂ ಹೋಗದಿದ್ದಾಗ.

ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ, ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಎಷ್ಟು ಕರೆಂಟು ಸುಟ್ಟಿರಿ, ಎಷ್ಟು ನೀರು ತೆಗೆದಿರಿ, ಎಷ್ಟು ಕಸ ಮಾಡಿದಿರಿ ಎಂದು ಅದು ಕೇಳುತ್ತದೆ. ಬೆಂಗಳೂರಿನಲ್ಲಿ ಇಂಥ ಕಂಪನಿಗಳು ಬೇಕಾದಷ್ಟಿವೆ. ಕನ್ಸಲ್ಟಿಂಗ್ ಕೆಲಸದ ದೊಡ್ಡ ಪಾಲು ಈಗ ಇದೇ.

ನೀರಿನ ಲೆಕ್ಕವನ್ನೇ ನೋಡಿ. ಆ ವರದಿಯಲ್ಲಿ ನೀರು ಎಲ್ಲಿಂದ ಬಂತು ಅಂತ ಬೇರೆ ಬೇರೆ ಸಾಲುಗಳಿವೆ. ಕೆರೆ, ನದಿಯ ನೀರಿಗೆ ಒಂದು, ಅಂತರ್ಜಲಕ್ಕೆ ಒಂದು, ಬೇರೆಯವರಿಂದ ಕೊಂಡ ನೀರಿಗೆ ಇನ್ನೊಂದು. ನಿಮ್ಮ ರಸ್ತೆಯ ಒಂದು ಆಫೀಸಿಗೆ ದಿನಾ ಟ್ಯಾಂಕರ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಆ ನೀರು ‘ಬೇರೆಯವರಿಂದ ಕೊಂಡದ್ದು’ ಸಾಲಿಗೆ ಹೋಗುತ್ತದೆ. ಅಂತರ್ಜಲದ ಸಾಲಿನಲ್ಲಿ ಸೊನ್ನೆ ನಿಂತರೂ ನಿಲ್ಲಬಹುದು. ಆದರೆ ಟ್ಯಾಂಕರ್ ತುಂಬಿದ್ದು ಯಾವುದೋ ಹಳ್ಳಿಯ ಬೋರ್‌ವೆಲ್‌ನಿಂದ ಅಲ್ವಾ? ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಆದರೂ ನಿಜ ಪೂರ್ತಿ ಬಂದಿಲ್ಲ. ಆಫೀಸಲ್ಲಿ ಕೂತ ಕನ್ಸಲ್ಟೆಂಟ್ ಅಕೌಂಟ್ಸ್ ವಿಭಾಗ ಕಳಿಸಿದ ಎಕ್ಸೆಲ್ ಹಾಳೆ ತುಂಬಿ ಮುಗಿಸುತ್ತಾರೆ. ಒಳ್ಳೆಯವರು ಗೇಟಿಗೆ ಹೋಗುತ್ತಾರೆ. ಸೆಕ್ಯೂರಿಟಿಯವರ ರಿಜಿಸ್ಟರ್ ತೆಗೆಸುತ್ತಾರೆ. ಬಂದದ್ದು 6,000 ಲೀಟರಿನ ಗಾಡಿಯೋ 12,000 ಲೀಟರಿನದೋ ಕೇಳುತ್ತಾರೆ. ಡ್ರೈವರಣ್ಣನನ್ನು ಮಾತಾಡಿಸಿ ‘ಎಲ್ಲಿ ತುಂಬಿಸ್ಕೊಂಡ್ ಬಂದ್ರಿ’ ಅಂತ ತಿಳಿದುಕೊಂಡು, ಅದನ್ನು ಕಂಪನಿಯ ಮುಂದೆ ಇಡುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಒದ್ದಾಡಿತಲ್ಲ, ಆ ಹೊತ್ತಿನಲ್ಲಿ ಈ ಒಂದು ಮಾಹಿತಿ ಇದ್ದ ಕಂಪನಿಗೂ ಇಲ್ಲದ ಕಂಪನಿಗೂ ಬಹಳ ವ್ಯತ್ಯಾಸ.

ಡೀಸೆಲ್ ಲೆಕ್ಕವೂ ಹಾಗೇ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಈ ಗುಣಾಕಾರ ಯಾರಿಗೂ ಕಷ್ಟವಲ್ಲ. ಜನರೇಟರ್‌ಗೆ ನಿಜವಾಗಿ ಎಷ್ಟು ಲೀಟರ್ ಹೋಯಿತು ಅಂತ ಹಿಡಿಯುವುದು ಕಷ್ಟ. ಸೈಟ್‌ನಲ್ಲಿ ಮೂರು ವರ್ಷ ಕಳೆದ ನಿಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕನ್ಸಲ್ಟಿಂಗ್‌ನಲ್ಲಿ ನನಗೆ ಹೆಚ್ಚು ಆತಂಕ ಇರುವುದು ಪರಿಸರ ಪರಿಣಾಮ ಅಧ್ಯಯನದ ಬಗ್ಗೆ, ಅಂದರೆ ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅನುಮತಿಗೆ ಮೊದಲು ಮಾಡುವ ಅಧ್ಯಯನ. ಯೋಜನೆ ಮಾಡುವವರೇ ಕನ್ಸಲ್ಟೆಂಟನ್ನು ಆರಿಸಿ ಹಣ ಕೊಡುತ್ತಾರೆ. ಕನ್ಸಲ್ಟೆಂಟರಿಗೆ ನಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು ಅನ್ನುವ ನಿಯಮ ಇದೆ, ಆದರೂ ಹಣದ ದಾರಿ ಬದಲಾಗಿಲ್ಲ. ಸಾಮಾನ್ಯವಾಗಿ ಒಂದೇ ಋತುವಿನ, ಅದೂ ಮಳೆಗಾಲ ಬಿಟ್ಟು ಉಳಿದ ಕಾಲದ ಮಾಹಿತಿ ಸಾಕಾಗುತ್ತದೆ. ಮಾರ್ಚಿನಲ್ಲಿ ಅಳೆದವರಿಗೆ ಸೆಪ್ಟೆಂಬರಿನ ರಾಜಕಾಲುವೆ ಹೇಗೆ ಕಾಣಬೇಕು? ಇಂಥ ಕಡೆ ಕೆಲಸ ಮಾಡಿದರೆ ‘ಇದನ್ನು ಬರೆಯಲ್ಲ’ ಅನ್ನಬೇಕಾದ ದಿನ ಬಂದೇ ಬರುತ್ತದೆ. ಸೇರುವ ಮೊದಲೇ ಆ ಸಂಸ್ಥೆಯ ಹಳೆಯ ವರದಿಗಳನ್ನು ಓದಿ. ಅವು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಬೇರೆ ಬೇರೆ ಊರಿನ ವರದಿಗಳಲ್ಲಿ ಒಂದೇ ಪಕ್ಷಿಗಳ ಪಟ್ಟಿ ಕಂಡರೆ ಆ ಕಡೆ ತಲೆ ಹಾಕಬೇಡಿ.

ಇಂಗ್ಲಿಷ್ ಬಗ್ಗೆ ಬರೆದಿದ್ದೀರಿ. ವರದಿಗಳು ಇಂಗ್ಲಿಷಿನಲ್ಲೇ ಇರುತ್ತವೆ, ಹಾಗಾಗಿ ಕಲಿಯಲೇಬೇಕು, ಬರೆದು ಬರೆದು ಬರುತ್ತದೆ. ಆದರೆ ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಏನು ಹೇಳುತ್ತದೆ ನೋಡಿ. ಗಣಿ, ಕಾರ್ಖಾನೆಯಂಥ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದರೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆಯ ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಪಿಎಂ 10 (ಗಾಳಿಯಲ್ಲಿನ ಸಣ್ಣ ಧೂಳಿನ ಕಣ) ಎಂದರೇನು, ಬೋರ್‌ವೆಲ್ ಎಷ್ಟು ಅಡಿ ಇಳಿಯಬಹುದು ಅಂತ ರೈತರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವವರು ಬೇಕು. ಅವರ ಮಾತನ್ನು ಒಂದಕ್ಷರ ಬಿಡದೆ ಕಡತಕ್ಕೆ ತರುವವರೂ ಬೇಕು. ಈ ಕೆಲಸ ನಿಮ್ಮಿಂದ ಆಗುತ್ತದೆ.

ನೀತಿಯ ಕೆಲಸ ಶುರುವಾಗುವುದು ವರದಿಯ ನಮೂನೆ ಕೇಳದೇ ಬಿಟ್ಟ ಪ್ರಶ್ನೆಯಿಂದ. ಟ್ಯಾಂಕರ್ ಎಲ್ಲಿ ತುಂಬಿತು ಅಂತ ಕೇಳುವ ಸಾಲೇ ಇಲ್ಲ ಅಂದರೆ, ಆ ಸಾಲು ಸೇರಿಸಿ ಅಂತ ಆಧಾರ ಸಮೇತ ವಾದಿಸುವುದು. ಕೆ.ಸಿ. ವ್ಯಾಲಿ ಯೋಜನೆ ನೆನಪಿರಬೇಕು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿದರು. ಎರಡನೇ ಹಂತದ ಶುದ್ಧೀಕರಣ ಸಾಕೇ, ಇನ್ನೂ ಹೆಚ್ಚು ಶುದ್ಧ ಮಾಡುವ ಮೂರನೇ ಹಂತ ಬೇಕೇ ಎಂಬ ವಾದ ಕೋರ್ಟ್ ಮೆಟ್ಟಿಲು ಹತ್ತಿತು. ಅಲ್ಲಿ ನೀರೂ ಬೇಕಿತ್ತು, ಭಯವೂ ನಿಜವಿತ್ತು. ಎರಡನ್ನೂ ತೂಗಿ ನೋಡಲು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಒಳಗೆ ಏನಾಗುತ್ತದೆ ಅಂತ ತಿಳಿದವರು ಬೇಕು. ಜಕ್ಕೂರಿನ ಏಟ್ರೀ, ಸಿ-ಸ್ಟೆಪ್, ರಾಜ್ಯ ಸರ್ಕಾರದ ಎಂಪ್ರಿಯಂಥ ಪರಿಸರ, ನೀತಿ ಸಂಶೋಧನಾ ಸಂಸ್ಥೆಗಳಲ್ಲಿ ಸಿವಿಲ್ ಓದಿದವರಿಗೂ ಕೆಲಸ ಇದೆ.

ಅಪ್ಪನ ಮಾತು ಸುಳ್ಳಲ್ಲ. ಸಂಶೋಧನಾ ಸಂಸ್ಥೆಗಳಲ್ಲಿ ಶುರುವಿನ ಸಂಬಳ ಐಟಿಗಿಂತ ಕಡಿಮೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುವುದುಂಟು. ಮನೆಗೆ ನಿಮ್ಮ ಸಂಬಳವೇ ಆಧಾರ ಆದರೆ ಮೊದಲು ಕನ್ಸಲ್ಟಿಂಗ್ ಕಡೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಎಂ.ಎಸ್ಸಿ.ಗಾಗಿ ಈಗಲೇ ಕೆಲಸ ಬಿಡಬೇಡಿ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನ ಪರಿಸರ ಕಾನೂನಿನ ದೂರಶಿಕ್ಷಣ ಡಿಪ್ಲೊಮಾ, ಇಲ್ಲವೇ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಎನರ್ಜಿ ಆಡಿಟರ್ ಪರೀಕ್ಷೆ, ಕೆಲಸದ ಜೊತೆಗೇ ಮಾಡಬಹುದು. ಸುಮ್ನೆ ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಸೈಟ್‌ನ ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ದಾಟಿದ್ದರೆ ಅದಕ್ಕೆ ಪರಿಸರ ಅನುಮತಿ ಪತ್ರ ಇರಬೇಕು. ಅದರಲ್ಲಿ ಷರತ್ತುಗಳ ಉದ್ದ ಪಟ್ಟಿ ಇರುತ್ತದೆ. ಷರತ್ತು ಪಾಲಿಸಿದ್ದೇವೆ ಅಂತ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಆ ಎರಡನ್ನೂ ತರಿಸಿಕೊಂಡು ಕೈಯಲ್ಲಿ ಹಿಡಿದು ಸೈಟ್ ಸುತ್ತಿ. ಮಣ್ಣು ರಾಶಿ ಹಾಕಿದ್ದೆಲ್ಲಿ, ಕೆಲಸಗಾರರ ಶೌಚದ ನೀರು ಹೋಗುವುದೆಲ್ಲಿ, ಎಸ್‌ಟಿಪಿಯ ಅಳತೆ ಎಷ್ಟು ಅಂತ ಸಾಲು ಸಾಲಾಗಿ ಟಿಕ್ ಮಾಡಿ. ತಾಳೆ ಆಗದ ಜಾಗಗಳನ್ನು ಎರಡು ಪುಟದಲ್ಲಿ ಬರೆಯಿರಿ, ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ. ಸಂದರ್ಶನಕ್ಕೆ ಹೋದಾಗ ಕಂಪನಿಯ ಹೆಸರು ತೆಗೆದು ಆ ಎರಡು ಪುಟ ಮುಂದಿಡಿ.